ಸೀಟಿಲ್ಲದ ಸೈಕಲ್ಲಿನ ಪಾಳಿ

ಮೊದಲೇ ಹೇಳಿ ಬಿಡ್ತೀನಿ, ಸೀಟ ಇಲ್ಲ. ಕಳದಿಲ್ಲ, ಮುರದಿಲ್ಲ, ಯಾರೂ ಕದ್ದಿಲ್ಲ. ಆ ಸೈಕಲ್ಲಿಗಿ ಸೀಟ ಇರಂಗೇ ಇಲ್ಲ. ನಾರಾಯಣಖೇಡದಿಂದ ಜಹೀರಾಬಾದ ತನಕ ಅದನ್ನ ಬಸ್ಸಿನ್ಯಾಗ ಒಯ್ಯೂದಂದ್ರ ಒಬ್ಬೊಬ್ಬರಿಗೂ ಈ ಮಾತ ಹೇಳಬೇಕು. ಕಂಡಕ್ಟರ್ "ಸೀಟು ಏದಮ್ಮಾ?" ಅಂತಾನ. ಬಾಜೂದ ಮುದುಕ "ಸೀಟ್ ಕಾಂ ಹೈ ಬೇಟಿ?" ಅಂತಾನ. ಹಿಂದ ಕೂತಾಕಿ "ಯವ್ವಾ, ಕೂಡೂದರೆ ಎಲ್ಲಿ ಇದರ ಮ್ಯಾಲ?" ಅಂತಾಳ. ಮೂರು ಭಾಷಾದಾಗ ಉತ್ತರ ಕೊಟ್ಟು ಕೊಟ್ಟು ನನ್ನ ತಲಿ ಕೆಟ್ಟದ. ಕೂಡೂದಿಲ್ರಿ, ನಿಂತೇ ಇರಬೇಕು ಅಂದ್ರ, ಹಂಗಾದ್ರ ಸೈಕಲ್ ಯಾಕ, ನೆಲದ ಮ್ಯಾಲೇ ನಿಂದ್ರು ಅಂತಾರ. ಇಂಥವರ ಸಂಗಟ ಏನ ಜಗಳಾಡ್ತೀರಿ.

ಇದಕ್ಕ ಟ್ರಯಲ್ಸ್ ಸೈಕಲ್ ಅಂತಾರ. ಕಾಲ ನೆಲಕ್ಕ ಹಚ್ಚದಂಗ ಕಲ್ಲಿನ ಮ್ಯಾಲಿಂದ ಕಲ್ಲಿಗಿ ಜಿಗಿಯೂ ಆಟ. ಜೋರು ಓಡಸೂದೇನಿಲ್ಲ, ಯಾರನ್ನೂ ಹಿಂದ ಹಾಕೂದೂ ಇಲ್ಲ. ಇದ್ದಲ್ಲೇ ಎರಡೂ ಗಾಲಿ ಮ್ಯಾಲ ಅಲುಗದಂಗ ನಿಂದ್ರೂದು, ಹಿಂದಿನ ಗಾಲಿ ಮ್ಯಾಲ ಕುಣಿಯೂದು, ಕಟ್ಟಿ ಏರೂದು, ಇಳಿಯೂದು. ಸುಮ್ಮನ ನಿಂದ್ರೂದು ಕಲಿಯಾಕೇ ನಂಗ ಅರ್ಧ ವರ್ಷ ಹಿಡೀತು. ಅದನ್ನ ಮಾಡಿ ತೋರಿಸಿದ್ರ ನಮ್ಮ ಅಣ್ಣ ಜೈಭೀಮ, "ಬಿದ್ದಿಲ್ಲಲ್ಲ, ಅಷ್ಟೇ ಆತು," ಅಂದ. ಹೊಟ್ಟಿ ಉರೀಬೇಕೋ ಬ್ಯಾಡೋ ನೀವೇ ಹೇಳ್ರಿ.

ನನ್ನ ಹೆಸರು ಸ್ವರೂಪಾ. ಪಂಚಾಯತಿ ಸೆಕ್ರೆಟರಿ ಇದ್ದೀನಿ. ಅವ್ವ ಈಶಮ್ಮ ಮನೂರಿನ್ಯಾಗ ಅಣ್ಣನ ಮನ್ಯಾಗ ಇರ್ತಾಳ. ನಾ ನಾರಾಯಣಖೇಡದಾಗ ಒಂದ ಖೋಲಿ ಹಿಡದೀನಿ. ನೌಕರಿ ಸಲುವಾಗಿ ಅಂತ ಎಲ್ಲರಿಗೂ ಹೇಳ್ತೀನಿ. ಖರೆ ಅಂದ್ರ ಸೈಕಲ್ ಸಲುವಾಗಿ. ಓಣ್ಯಾಗ ಹೆಣ್ಮಗಳು ಚರಂಡಿ ಕಟ್ಟಿ ಮ್ಯಾಲಿಂದ ಜಿಗದ್ರ ಅಣ್ಣಗ ನಾಕ ಮಂದ್ಯಾಗ ಮಾರಿ ತೋರಸಾಕ ಆಗಂಗಿಲ್ಲಂತ. ತೋರಸಬ್ಯಾಡ ಬಿಡು ಅಂದು ಹೊರಗ ಬಂದೆ. ಖೋಲ್ಯಾಗ ಒಂದ ಮಂಚ, ಒಂದ ಸಿಲಿಂಡರ್, ಬಾಬಾಸಾಹೇಬರ ಫೋಟೋ, ಮತ್ತ ಈ ಸೈಕಲ್. ಸೈಕಲ್ಲೂ ವರ್ಷ ಪೂರಾ ಇರಂಗಿಲ್ಲ. ಒಂದ ತಿಂಗಳು ನಂದು, ಒಂದ ತಿಂಗಳು ವಾಣಿಶ್ರೀದು.

ವಾಣಿಶ್ರೀ ತಾಂಡೂರಿನಾಕಿ. ಅವರಪ್ಪ ವೀರಪ್ಪ ಅವರದು ನೆಲಕ್ಕ ಹಾಸೂ ಫರ್ಸಿ ಕಲ್ಲಿಗಿ ಪಾಲಿಶ್ ಹೊಡಿಯೂ ಕಾರಖಾನಿ ಅದ. ನಾವಿಬ್ಬರೂ ಸಿಕ್ಕಿದ್ದು ಹೈದರಾಬಾದಿನ್ಯಾಗ, ಎರಡ ವರ್ಷದ ಹಿಂದ. ಒಂದ ಮೈದಾನದಾಗ ಒಬ್ಬಾವ ಈ ಆಟ ತೋರಸಾಕ ಹತ್ತಿದ್ದ. ಮಂದಿ ಎಲ್ಲಾ ನೋಡಿ ಚಪ್ಪಾಳಿ ಹೊಡದು ಹೋದ್ರು. ನಾ ನಿಂತೇ ಇದ್ದೆ. ಇನ್ನೊಬ್ಬಾಕಿನೂ ನಿಂತಿದ್ಳು, ಫೋನಿನ್ಯಾಗ "ಬರ್ತೀನ್ ತಡೀರಿ ಅಪ್ಪಾ, ಇನ್ನಾ ಊಟ ಆಗಿಲ್ಲ," ಅನ್ನಾಕ ಹತ್ತಿದ್ಳು. ಆ ಊರಾಗ ಅಪರೂಪಕ್ಕ ನಮ್ಮ ಕನ್ನಡ ಮಾತು ಕಿವಿಗಿ ಬಿತ್ತು ನೋಡ್ರಿ, ತಿರುಗಿ ಅಕಿ ಮಾರಿ ನೋಡಿದೆ. ಅದೇ ಹೊತ್ತಿಗಿ ನಮ್ಮ ಗೆಳೆತನ ಆತು. ಆಟ ಬಿಡಾಕ ಹತ್ತಿದ್ದ ಒಬ್ಬಾವನ ಹಳೇ ಸೈಕಲ್ ಇಬ್ಬರೂ ಕೂಡಿ ತಗೊಂಡ್ವಿ. ಎರಡ ತಗೊಳ್ಳೂ ತಾಕತ್ತು ಇಬ್ಬರಿಗೂ ಇದ್ದಿಲ್ಲ.

ಆವತ್ತಿಂದ ಪಾಳಿ. ತಿಂಗಳ ಎರಡನೇ ಐತವಾರ ಜಹೀರಾಬಾದ ಬಸ್ ಸ್ಟ್ಯಾಂಡಿಗಿ ನಾ ನಾರಾಯಣಖೇಡದ ಬಸ್ಸಿನ್ಯಾಗ ಬರೂದು, ಅಕಿ ತಾಂಡೂರ ಬಸ್ಸಿನ್ಯಾಗ ಬರೂದು. ಬೇವಿನ ಗಿಡದ ಬುಡಕ ಒಂದ ಸಿಮೆಂಟಿನ ಬೆಂಚ್ ಅದ. ಅಲ್ಲಿ ಕೂತು, ನಾ ತಂದ ಚಾ ಕುಡದು, ಸೈಕಲ್ ನೋಡಿ, ಒಂದ ತಾಸು ಮಾತಾಡಿ, ಒಬ್ಬಾಕಿ ಸೈಕಲ್ ಒಯ್ಯೂದು, ಒಬ್ಬಾಕಿ ಖಾಲಿ ಕೈಲೆ ಹೋಗೂದು.

ಆ ಒಂದ ತಾಸಿನ ಸಲುವಾಗಿ ನಾ ತಿಂಗಳು ಪೂರಾ ಕಾಯ್ತಿದ್ದೆ. ಸುಳ್ಳ ಯಾಕ ಹೇಳಲಿ. ಚೆಕ್ ಡ್ಯಾಮಿನ ಗ್ವಾಡಿ ಮ್ಯಾಲಿಂದ ಬಾಜೂದ ಕಟ್ಟಿಗಿ ಮೊದಲ ಸಲ ಜಿಗದ ದಿನ ಅಲ್ಲಿ ಎರಡ ಎಮ್ಮಿ ಇದ್ವು, ಮತ್ತ್ಯಾರೂ ಇದ್ದಿಲ್ಲ. ಎದಿ ಡವಡವ ಅಂತದ, ನಗಿ ಬರ್ತದ, ಹೇಳಬೇಕಂದ್ರ ಯಾರಿಗಿ? ಅವ್ವಗ ಫೋನ್ ಮಾಡಿದ್ರ "ಉಂಡಿ?" ಅಂತಾಳ. ಆಫೀಸಿನ್ಯಾಗ ಹೇಳಿದ್ರ ತಲಿ ಕೆಟ್ಟದ ಅಂತಾರ. ಆ ಮಾತನ್ನ ಎರಡನೇ ಐತವಾರದ ತನಕ ಹೊಟ್ಯಾಗ ಇಟ್ಕೊಂಡು ಅಡ್ಯಾಡಿ ವಾಣಿಗಿ ಹೇಳಿದೆ. "ಎಷ್ಟ ಅಗಲ ಇತ್ತು ನಡಬರಕ?" ಅಂತ ಕೇಳಿದ್ಳು. ಆ ಪ್ರಶ್ನಾ ಕೇಳಾಕ ಈ ಮೂರೂ ಊರಾಗ ಅಕಿನ ಬಿಟ್ರ ಇನ್ನೊಂದ ಪ್ರಾಣಿ ಇಲ್ಲ. ಅಕಿ ಬಿಟ್ಟಳಂದ್ರ ನಾ ಒಬ್ಬಾಕಿ. ಈ ಅಂಜಿಕಿ ನಂಗ ಮೊದಲ ದಿನದಿಂದಲೂ ಇತ್ತು.

ಫ್ರೇಮಿನ ಅಂಜಿಕಿ ಬ್ಯಾರೆ. ಅದು ಅಲ್ಯುಮಿನಿಯಂದು. ನಮ್ಮ ಕಡಿ ವೆಲ್ಡಿಂಗ್ ದುಕಾನದವರು ಕಬ್ಬಿಣ ಆದ್ರ ಏನ ಬೇಕಾದ್ರೂ ಕೂಡಸ್ತಾರ, ಅಲ್ಯುಮಿನಿಯಂ ಅಂದ ಕೂಡಲೇ ಕೈ ಎತ್ತತಾರ. ಒಂದ ಸಲ ಸೀಳು ಬಿಟ್ರ ಮುಗೀತು, ಆಟಾ ಬಂದ್. ಅದಕ್ಕ ಅದನ್ನ ಕೂಸಿನ್ಹಂಗ ಸುತ್ತಿಟ್ಟಿದ್ದೆ. ಮೊದಲು ಅವ್ವನ ಹಳೇ ಸೀರಿ ಅರಿವಿ, ಮೆತ್ತಂದು. ಅದರ ಮ್ಯಾಲ ಉದ್ದಕ ಸೀಳಿದ ಹಳೇ ಟ್ಯೂಬ್, ಎಳದು ಎಳದು, ಪದರಿನ ಮ್ಯಾಲ ಪದರು ಅರ್ಧ ಕೂಡೂ ಹಂಗ. ಬಿದ್ದಾಗ ಹ್ಯಾಂಡಲ್ ತಿರುಗಿ ಪೈಪಿಗಿ ಬಡೀತದಲ್ಲ, ಆ ಜಾಗಾಕ್ಕ ಎರಡ ಸುತ್ತು ಹೆಚ್ಚಿಗಿ. ಚೈನಿನ ಬುಡಕ, ಕಲ್ಲಿಗಿ ಹೊಟ್ಟಿ ಹಚ್ಚೂ ಜಾಗಾಕ್ಕ, ವಾಣಿ ತಂದ ಪಟ್ಟಾ. ಅವರ ಕಾರಖಾನಿ ಮಷೀನಿನ ಹಳೇ ರಬ್ಬರ್ ಪಟ್ಟಾ, ಬೆರಳಿನಷ್ಟು ದಪ್ಪ. ಹೊಡತ ಏನಿದ್ರೂ ಅದೇ ತಿನ್ನಬೇಕು, ಫ್ರೇಮ್ ತಿನ್ನಬಾರದು.

ಸುತ್ತಿ ಬಿಟ್ರ ಆಗಂಗಿಲ್ಲ. ಒಳಗ ಉಸುಕು ಹೊಕ್ರ ಸುತ್ತಿದ್ದೇ ತಿಕ್ಕಿ ತಿಕ್ಕಿ ತಿಂದು ಹಾಕ್ತದ. ಆಗಾಗ ಬಿಚ್ಚಬೇಕು, ಒರಸಬೇಕು, ಸೀಳು ಬಿಟ್ಟದೇನು ಅಂತ ಉಗುರು ಹಚ್ಚಿ ನೋಡಬೇಕು, ಮತ್ತ ಸುತ್ತಬೇಕು. ಹೊಸಾ ಜಿಗತ ಕಲಿಯಾಗ ನೇರ ಕಲ್ಲಿಗಿ ಹೋಗಬಾರದು. ಮೊದಲು ಲಾರಿ ಟೈರ್, ಆಮ್ಯಾಲ ಕಟಗಿ, ಆಮ್ಯಾಲ ಕಲ್ಲು. ಇದೆಲ್ಲಾ ವಾಣಿಗಿ ನೂರ ಸಲ ಹೇಳೀನಿ. ಅಕಿ ಹೂಂ ಅಂತಿದ್ಳು. ಅಕಿ ಮನಿ ಹಿಂದೇ ಒಡದ ಫರ್ಸಿಯ ಗುಡ್ಡ ಬಿದ್ದದ, ಟೈರ್ ಯಾಕ ಹುಡುಕ್ತಾಳ?

ಈ ವರ್ಷ ಮಿರಗದ ಮಳಿ ಹಿಡದ ಜೂನ್ ತಿಂಗಳು ಜಹೀರಾಬಾದಿನ್ಯಾಗ ಅಕಿ ಕಡಿಂದ ಸೈಕಲ್ ತಗೊಂಡು ನೋಡ್ತೀನಿ, ಹಿಂದಿನ ಗಾಲಿ ಬಾಜೂದ ಪೈಪಿಗಿ ತಗ್ಗು ಬಿದ್ದದ. ಹೆಬ್ಬೆರಳು ಕೂಡೂ ಅಷ್ಟು ತಗ್ಗು. ಚೈನಿನ ಬುಡಕಿನ ಪಟ್ಟಾ ಹರದು ಅರ್ಧಾ ಆಗ್ಯದ. ನಂಗ ಹುಚ್ಚ ಹಿಡದಂಗ ಆತು.

"ಇದೇನ ಮಾಡಿದಿ ವಾಣಿ?"

"ಜಾರಿತ್ತು," ಅಂದ್ಳು. "ಮಳ್ಯಾಗ ಫರ್ಸಿ ಜಾರ್ತದ."

"ಮಳ್ಯಾಗ ಫರ್ಸಿ ಜಾರ್ತದಂತ ತಾಂಡೂರಿನ್ಯಾಗ ಹುಟ್ಟಿದಾಕಿಗಿ ನಾ ಹೇಳ್ಬೇಕೇನು? ನಿಂಗ ಸೈಕಲ್ ಅಲ್ಲ, ತೊಟ್ಟಲಾ ಕೊಡಬೇಕಿತ್ತು, ಕೂತು ತೂಗ್ತಿದ್ದಿ."

ಬಸ್ ಸ್ಟ್ಯಾಂಡಿನ ಮಂದಿ ತಿರುಗಿ ನೋಡಿದ್ರು. ನನ್ನ ಬಾಯಿ ಒಮ್ಮೆ ಹತ್ತಿತಂದ್ರ ನಿಂದ್ರಂಗಿಲ್ಲ. ಅಕಿ ಓಢಣಿ ಮುದ್ದಿ ಮಾಡಿ ಹೊಟ್ಟಿಗಿ ಅವಚಿಕೊಂಡು ಕೂತಿದ್ಳು. ಕಡೀಕ ಚೀಲದಿಂದ ಒಂದ ಹೊಸಾ ಪಟ್ಟಾ ತಗದು ಬೆಂಚಿನ ಮ್ಯಾಲ ಇಟ್ಟಳು, ಇದನ್ನ ಹಾಕು ಅಂದ್ಳು. ನನ್ನ ಬಸ್ ಬಂದಾಗ ಸೈಕಲ್ಲಿಗಿ ಕೈ ಹಚ್ಚಲಿಲ್ಲ. "ನೀನೇ ಏರಿಸ್ಕೋ ಸ್ವರೂಪಾ," ಅಂದ್ಳು. ಸಿಟ್ಟು ಬಂದಿರಬೇಕು ಅಂತ ನಾನೇ ಏರಿಸಿದೆ.

ತಗ್ಗಿಗಿ ಸೀಳು ಬಿಟ್ಟಿದ್ದಿಲ್ಲ, ದೈವಾ. ಹೊಸಾ ಪಟ್ಟಾ ಹಾಕಿ, ನಟ್ ಬಿಗದು, ಎಲ್ಲಾ ಹೊಸಾದಾಗಿ ಸುತ್ತಿದೆ. ಮುಂದಿನ ತಿಂಗಳು ಅಕಿಗಿ ಕೊಟ್ಟೆ. ಅದರ ಮುಂದಿನ ತಿಂಗಳು ವಾಪಸ್ ಬಂತು ನೋಡ್ರಿ, ಫ್ರೇಮಿಗಿ ಒಂದ ಗೀರು ಇಲ್ಲ. ಸುತ್ತಿದ್ದು ಸುತ್ತಿದಂಗ. ನಂಗ ಖುಷಿ ಆತು. ಬೈದ್ರೇನು, ಬುದ್ಧಿ ಬಂತಲ್ಲ ಅಂದ್ಕೊಂಡೆ. "ಹೊಸಾದೇನ ಕಲತಿ?" ಅಂತ ಕೇಳಿದ್ರ, "ಅದೇ, ಅಡ್ಡ ಜಿಗಿಯೂದು. ಆಗಾಕ ಹತ್ತದ," ಅಂದ್ಳು. ಆಮ್ಯಾಲ ಒಂದ ತಾಸು ನಾನೇ ಮಾತಾಡಿದೆ. ಅಕಿ ಛಲೋ ಕೇಳ್ತಾಳ. ನಡನಡಬರಕ ಬರೋಬ್ಬರಿ ಜಾಗಾದಾಗ ಬರೋಬ್ಬರಿ ಪ್ರಶ್ನಾ ಕೇಳ್ತಾಳ.

ಈ ಸಲ ದಸರಾ ಅಕಿ ಪಾಳ್ಯಾಗ ಬಂತು. ದಸರಾದ ದಿನ ನಾ ಬಿಳಿ ಸೀರಿ ಉಟ್ಟು ಬುದ್ಧ ವಿಹಾರಕ್ಕ ಹೋಗಿ ಬಂದೆ. ನಮ್ಮದು ಅವತ್ತ ಬಾಬಾಸಾಹೇಬರು ಧಮ್ಮ ದೀಕ್ಷಾ ತಗೊಂಡ ದಿನ. ಮಂದ್ಯಾಗ ಕೂತು ಉಂಡೆ, ನಕ್ಕೆ, ಖೋಲಿಗಿ ಬಂದು ಬಾಗಿಲಾ ಹಾಕ್ಕೊಂಡ್ರ ಸೈಕಲ್ ಇಲ್ಲದ ಗ್ವಾಡಿ ನೋಡಿ ಅಳು ಬಂದಂಗಾತು. ಯಾಕಂತ ನನ್ನ ಕೇಳಬ್ಯಾಡ್ರಿ. ಅದರ ಮುಂದಿನ ಐತವಾರ, ಎರಡನೇ ಐತವಾರ, ಜಹೀರಾಬಾದಿಗಿ ಹೋಗಿ ಸೈಕಲ್ ತಂದೆ. ವಾಣಿ ಅವತ್ತ ಜರಾ ಲಗೂನೇ ಹೋದ್ಳು, ಬಸ್ ಹೋಗ್ತದ ಅಂತ.

ಸಂಜಿ ಮುಂದ ಖೋಲಿ ಬಾಗಿಲದಾಗ ಕೂತು ಸೈಕಲ್ ತಲಿ ಕೆಳಗ ಮಾಡಿ ಇಟ್ಟು ಬಿಚ್ಚಾಕ ಹತ್ತಿದೆ. ಕೆಳಗಿನ ಪಟ್ಟಾದ ಮ್ಯಾಲ ಏನೋ ಬೆಳ್ಳಗ ಕಾಣ್ತು. ನೋಡ್ತೀನಿ, ಈಬತ್ತಿ, ಅದೇ ವಿಭೂತಿ. ಮೂರ ಬೆರಳಿನ ಗೆರಿ, ನಡಬರಕ ಕುಂಕುಮದ ಬೊಟ್ಟು, ಚೈನಿನ್ಯಾಗ ಒಣಗಿದ ಚೆಂಡುಹೂವಿನ ಎಸಳು. ಅವರ ಕಡಿ ಮಾನೌಮಿಗಿ, ದಸರಾದ ಹಿಂದಿನ ದಿನ, ಖಂಡೆ ಪೂಜಾ ಮಾಡ್ತಾರ. ಮಷೀನು, ಗಾಡಿ, ಹತ್ಯಾರ ಎಲ್ಲಾ ತೊಳದು ಈಬತ್ತಿ ಹಚ್ಚಿ, ಅವತ್ತ ಒಂದ ದಿನ ಯಾವುದೂ ಮುಟ್ಟಂಗಿಲ್ಲ. ಇರ್ಲಿ, ಅವರ ಪದ್ಧತಿ ಅವರಿಗಿ ಅಂತ ನಕ್ಕೊಂಡು ಹಸಿ ಅರಿವಿ ತಗೊಂಡೆ. ಒರಸಾಕ ಕೈ ಮುಂದ ಒಯ್ದಾಕಿ ಹಂಗೇ ನಿಂತೆ.

ಗೆರಿ ಅಳಿಸಿದ್ದಿಲ್ಲ. ಕಲ್ಲಿಗಿ ಹೊಟ್ಟಿ ಹಚ್ಚೂ ಜಾಗಾ ಅದು. ಒಂದ ಸಲ ಕಟ್ಟಿ ಏರಿದ್ರ ಸಾಕು, ಈಬತ್ತಿ ಅಲ್ಲ, ರಬ್ಬರೇ ಕಿತ್ತು ಬರ್ತದ. ಪೂಜಾ ಆಗಿ ಅಷ್ಟು ದಿನ ಆದ್ರೂ ಗೆರಿ ಎಳದಂಗೇ ಅವ. ಹಬ್ಬದಾಗ ಪುರಸೊತ್ತು ಸಿಕ್ಕಿರಂಗಿಲ್ಲ ಅಂದ್ಕೊಂಡೆ. ಒರಸಿದೆ. ಒರಸಿದ ಮ್ಯಾಲ ಪಟ್ಟಾ ಸರಿಯಾಗಿ ಕಾಣ್ತು. ಹೊಡತ ತಿನ್ನಾಕಂತೇ ಹಾಕಿದ್ದನ್ನ ಯಾರು ನೋಡ್ತಾರ? ನಾ ಅದನ್ನ ಅಲ್ಲೀ ತನಕ ಸರಿಯಾಗಿ ನೋಡೇ ಇದ್ದಿಲ್ಲ.

ನಾ ಕಲಿಯೂದು ಸಿಮೆಂಟಿನ ಮ್ಯಾಲ, ಚೆಕ್ ಡ್ಯಾಮಿನ ಕಡಿ. ಸಿಮೆಂಟ್ ರಬ್ಬರಿಗಿ ತಿಕ್ಕಿದ್ರ ಅಗಲಕ, ಖರಖರ, ಬೂದಿ ಬಣ್ಣದ ಗುರುತು ಬೀಳ್ತದ. ಫರ್ಸಿ ಹಂಗಲ್ಲ. ಒಡದ ಫರ್ಸಿ ಅಂಚು ಚಾಕು ಇದ್ದಂಗ, ಉದ್ದಕ ಸಣ್ಣ ಸೀಳು ಬಿಡ್ತದ. ಹಳೇ ಪಟ್ಟಾ ಬಿಚ್ಚೂ ಮುಂದ ನೋಡಿದ್ದೆ, ಅದರ ಮ್ಯಾಲ ಎರಡೂ ಇದ್ವು, ನಂದೂ ಅಕಿದೂ, ಅಡ್ಡಾತಿಡ್ಡಿ. ಹೊಸಾ ಪಟ್ಟಾದ ಮ್ಯಾಲ ಬರೇ ನನ್ನ ಗುರುತು ಇದ್ವು. ದೀಪದ ಬುಡಕ ಒಯ್ದು ತಿರುಗಿಸಿ ತಿರುಗಿಸಿ ನೋಡಿದೆ. ಅಕಿದು ಒಂದೂ ಇಲ್ಲ.

ಅಂದ್ರ ಮಿರಗದಿಂದ ಈಚಿಗಿ ಅಕಿ ಹತ್ತೇ ಇಲ್ಲ. ಎರಡ ಪಾಳಿ ಒಯ್ದಾಳ, ಎರಡ ಪಾಳಿ ತಂದಾಳ, ಬರೇ ಇಟ್ಟಾಳ. ಅಡ್ಡ ಜಿಗಿಯೂದು ಆಗಾಕ ಹತ್ತದಂತ. ನನ್ನ ಮೈ ಉರದು ಹೋತು. ಫೋನ್ ಹಚ್ಚಿದೆ, ಎತ್ತಲಿಲ್ಲ. ಮತ್ತ ಹಚ್ಚಿದೆ, ಎತ್ತಲಿಲ್ಲ. ಬಿಟ್ಟಿದ್ರ ಬಿಟ್ಟೀನಂತ ಮಾರಿ ಮ್ಯಾಲ ಹೇಳಬೇಕು. ನಂಗ್ಯಾಕ ಈ ನಾಟಕ? ನಾನೇನ ಸಣ್ಣ ಕೂಸಾ, ಸಮಾಧಾನ ಮಾಡಾಕ? ಹಿಂಗೇ ಗ್ವಾಡಿ ಸಂಗಟ ಜಗಳಾಡಿದೆ. ಜಗಳ ಮುಗದ ಮ್ಯಾಲ ತಿಳೀತು. ನಾ ಆಗಲೇ ಒಬ್ಬಾಕಿ ಆಗೀನಿ, ನಂಗೇ ಗೊತ್ತಿದ್ದಿಲ್ಲ.

ಸೋಮವಾರ ರಜಾ ಹಾಕಿ ತಾಂಡೂರಿಗಿ ಹೋದೆ. ಜಹೀರಾಬಾದ ದಾಟಿ ಹೋಗಿದ್ದು ಅದೇ ಮೊದಲು. ಅಕಿ ಯಾವತ್ತೂ ಮನಿಗಿ ಬಾ ಅಂದಿದ್ದಿಲ್ಲ, ನಾನೂ ನನ್ನ ಖೋಲಿಗಿ ಬಾ ಅಂದಿದ್ದಿಲ್ಲ. ಬರೇ ಆ ಬೆಂಚ್. ಕಾರಖಾನಿ ಹುಡುಕೂದು ಕಷ್ಟ ಆಗ್ಲಿಲ್ಲ, ರಸ್ತಾ ಎರಡೂ ಬಾಜೂ ಫರ್ಸಿ ನಿಂದರಿಸ್ಯಾರ, ಹೆಸರು ಕೇಳಿದ್ರ ಯಾರಾದ್ರೂ ತೋರಸ್ತಾರ. ಮಷೀನಿನ ಸಪ್ಪಳಕ್ಕ ನನ್ನ ಮಾತು ನಂಗೇ ಕೇಳಸಾಕ ಹತ್ತಿದ್ದಿಲ್ಲ. ವೀರಪ್ಪ ಅವರು ಕಲ್ಲಿನ ಕೆಸರ ತುಳಕೋತ ಹೊರಗ ಬಂದ್ರು.

"ನೀ ಸ್ವರೂಪಾ ಅಲ್ಲೇನವ್ವಾ? ಫೋಟೋದಾಗ ನೋಡೀನಿ. ಬಾ ಬಾ. ನಮ್ಮ ಹುಡುಗಿ ಯಾವಾಗೂ ನಿನ್ನ ಮಾತೇ ಹೇಳ್ತಾಳ. ಸೈಕಲ್ ತಂದಿಲ್ಲೇನು?"

"ಈಗ ನನ್ನ ಪಾಳಿ ಅದರಿ ಕಾಕಾ," ಅಂದೆ.

"ಹೌದೌದು. ಇಲ್ಲೇ ಮಷೀನ ಬಾಜೂಕೇ ನಿಂದರಿಸಿರ್ತಾಳ. ಒರಸ್ತಾಳ, ಗಾಳಿ ಹಾಕ್ತಾಳ, ಮುಚ್ಚಿ ಇಡ್ತಾಳ. ಮಾನೌಮಿಗಿ ನಾನೇ ಈಬತ್ತಿ ಹಚ್ಚೀನಿ. ಚಂದ ಸಾಮಾನದ."

"ಹತ್ತಂಗಿಲ್ಲೇನ್ರಿ ಅಕಿ?"

"ಹತ್ತೂದ ಎಲ್ಲಿ ಅದವ್ವ. ಮಳಿ ಸುರು ಆದ ಮ್ಯಾಲ ಹತ್ತಿದ್ದೇ ನೋಡಿಲ್ಲ. ತಿಂಗಳಿಗೊಮ್ಮೆ ಜಹೀರಾಬಾದಿಗಿ ಒಯ್ತಾಳ, ಅಷ್ಟೇ. ಹಿಂದ ಇದ್ದಾಳ ನೋಡು, ಹೋಗು."

ವಾಣಿ ಕಾರಖಾನಿ ಹಿಂದ ಒಡದ ಫರ್ಸಿಯ ಗುಡ್ಡದ ಕಡಿ ಒಂದ ಕಲ್ಲಿನ ಮ್ಯಾಲ ಕೂತು ಫೋನ್ ನೋಡಾಕ ಹತ್ತಿದ್ಳು. ನನ್ನ ನೋಡಿ ಎದ್ದು ನಿಂತಳು. ದಾರಿ ಪೂರಾ ಬಾಯಾಗ ತಯ್ಯಾರ ಮಾಡ್ಕೊಂಡು ಬಂದದ್ದೆಲ್ಲಾ ಒಮ್ಮೆಗೇ ಸುರವಿದೆ. ಪಟ್ಟಾದ್ದು, ಈಬತ್ತಿದ್ದು, ಅಡ್ಡ ಜಿಗತದ್ದು. ಮೋಸ ಅಂದೆ, ನಾಟಕ ಅಂದೆ. ಬೈಗಳಿಗಿ ಅಂಜಿ ಬಿಟ್ಟಿಯೇನು, ಒಂದ ತಗ್ಗಿನ ಸಲುವಾಗಿ ಆಡಿದ ಮಾತು ಇಷ್ಟ ಹಚ್ಗೊಂಡಿಯೇನು ಅಂದೆ.

"ಬೈಗಳಕ್ಕಲ್ಲ," ಅಂದ್ಳು. "ನೀ ಬೈಯೂದು ನಂಗ ರೂಢಿ ಅದ."

"ಮತ್ತ?"

ಗುಡ್ಡದ ಕಡಿ ತೋರಿಸಿದ್ಳು. "ಆ ತಗ್ಗು ಬಿದ್ದದ್ದು ಅಲ್ಲಿ. ಜಾರಿ ಸೈಕಲ್ ಒಂದ ಕಡಿ ಹೋತು, ನಾ ಫರ್ಸಿ ಅಂಚಿನ ಮ್ಯಾಲ ಬಿದ್ದೆ. ಉಸುರು ಹೊಳ್ಳಿ ಬರಾಕ ಹೊತ್ತ ಹಿಡೀತು. ಕೂಗಿದೆ ಸ್ವರೂಪಾ. ಮಷೀನ ನಡದಿದ್ವು. ಅಪ್ಪ ಅಲ್ಲೇ, ಆ ಗ್ವಾಡಿ ಆಚಿಗಿ ಇದ್ದ. ಯಾರಿಗೂ ಕೇಳಿಸ್ಲಿಲ್ಲ. ಮಷೀನ ಬಂದ್ ಆಗೂ ತನಕ ಮಳ್ಯಾಗ ಬಿದ್ದಿದ್ದೆ. ಬಂದ್ ಆದ ಮ್ಯಾಲ ಕೂಗೂ ತಾಕತ್ತು ಇದ್ದಿಲ್ಲ. ನಾನೇ ಎದ್ದು ಒಳಗ ಹೋದೆ. ಬಚ್ಚಲದಾಗ ಜಾರಿದೆ ಅಂತ ಹೇಳೀನಿ ಮನ್ಯಾಗ. ಖರೆ ಹೇಳಿದ್ರ ಅವತ್ತೇ ಸೈಕಲ್ ಬಂದ್ ಮಾಡಸ್ತಿದ್ರು. ಪಕ್ಕಡಿ ಎಲವು ಎರಡ ಸೀಳಿದ್ವು."

"ಜಹೀರಾಬಾದಿಗಿ ಬಂದಾಗ?"

"ಆವಾಗೂ ಪಟ್ಟಿ ಕಟ್ಟಿತ್ತು. ಓಢಣಿ ಒಳಗ."

ಸೀಳಿದ ಎಲವು ಇಟ್ಕೊಂಡು ಅಷ್ಟ ದೂರ ಬಸ್ಸಿನ್ಯಾಗ ಸೈಕಲ್ ತಂದಾಳ. ನಾ ಪೈಪಿನ ತಗ್ಗಿನ್ಯಾಗ ಹೆಬ್ಬೆರಳು ಇಟ್ಟು ನೋಡೀನಿ.

"ಹೇಳಾಕ ಏನಾಗಿತ್ತು ನಿಂಗ?" ಅಂತ ಚೀರಿದೆ. ಸಪ್ಪಳದಾಗ ಅದು ಚೀರಿದಂಗೇ ಇದ್ದಿಲ್ಲ.

"ನೀ ಕೇಳಲಿಲ್ಲ," ಅಂದ್ಳು. ಸಿಟ್ಟೇನಿಲ್ಲ, ಸುಮ್ಮನ ಅಂದ್ಳು. "ಹತ್ತಬೇಕಂತ ಭಾಳ ಮಾಡಿದೆ. ಪೆಡಲ್ ಮ್ಯಾಲ ಕಾಲ ಇಟ್ರ ಆ ಮಷೀನ ಸಪ್ಪಳ ಕಿವ್ಯಾಗ ಬರ್ತದ. ಆಗಂಗಿಲ್ಲ ನಂಗ ಇನ್ನ."

"ಆಗಂಗಿಲ್ಲ ಅಂದ್ರ ತಿಂಗಳ ತಿಂಗಳ ಯಾಕ ಒಯ್ತಿದ್ದಿ? ಅಷ್ಟ ದೂರ ಹೊತ್ಕೊಂಡು ಹೋಗಿ, ಒರಸಿ, ಗಾಳಿ ಹಾಕಿ, ಮತ್ತ ಹೊತ್ಕೊಂಡು ಬರೂದು?"

"ಒಯ್ಲಿಲ್ಲಂದ್ರ ನೀ ಜಹೀರಾಬಾದಿಗಿ ಯಾಕ ಬರ್ತಿ?"

ಬರ್ತಿದ್ದೆ ಅಂತ ಬಾಯಿ ತಗದೆ. ಅಕಿ ನನ್ನ ಮಾರಿ ನೋಡಾಕ ಹತ್ತಿದ್ಳು.

"ಖರೆ ಹೇಳು," ಅಂದ್ಳು.

ಮಂದಿ ಮಾರಿ ಮ್ಯಾಲ ಹೊಡದಂಗ ಮಾತಾಡೂ ಹೆಣ್ಣು ನಾನು. ಎರಡ ವರ್ಷದಾಗ ಅಕಿಗಿ ಅಣ್ಣತಮ್ಮರು ಎಷ್ಟ ಮಂದಿ, ದಿನಾ ಏನ ಮಾಡ್ತಾಳ, ಯಾರ ಸಂಗಟ ಮಾತಾಡ್ತಾಳ, ಒಂದೂ ನಂಗ ಗೊತ್ತಿಲ್ಲ. ಸೈಕಲ್ ಇಲ್ಲಂದ್ರ ನಾ ಆ ಬಸ್ಸು ಯಾಕ ಏರ್ತಿದ್ದೆ?

"ಬರ್ತಿದ್ದಿಲ್ಲ," ಅಂದೆ.

ಅಕಿ ತಲಿ ಹಾಕಿದ್ಳು. ಅಳಲಿಲ್ಲ. ಅತ್ತಿದ್ರ ನಂಗ ಛಲೋ ಆಗ್ತಿತ್ತು. "ಅದು ಈಗ ನಿಂದೇ," ಅಂದ್ಳು. "ಪಾಳಿ ಏನಿಲ್ಲ ಇನ್ನ. ಛಲೋ ಇಟ್ಟಿ, ಇನ್ನೂ ಛಲೋ ಇಡು." ವೀರಪ್ಪ ಅವರು ಊಟಕ್ಕ ಕರದ್ರು. ಉಂಡೆ. ರೊಟ್ಟಿ, ಪುಂಡಿಪಲ್ಯ, ರುಚಿ ಏನೂ ಹತ್ತಲಿಲ್ಲ. ಬಸ್ಸಿಗಿ ಬಿಡಾಕ ಅಕಿ ಬರಲಿಲ್ಲ, ನಾನೂ ಕರೀಲಿಲ್ಲ.

ಆ ತಿಂಗಳು ಸೈಕಲ್ ದಿನಾ ಹೊರಗ ತಗದೆ. ತಾಂಡೂರಿನ ಮಾತು ತಲ್ಯಾಗ ಇಟ್ಕೊಂಡು ಹೆಂಗ ಜಿಗೀಲಿ? ಚೆಕ್ ಡ್ಯಾಮಿನ ಮ್ಯಾಲ ನಿಂತು ಸುತ್ತ ನೋಡ್ತಿದ್ದೆ. ದೂರದಾಗ ತೊಗರಿ ಹೊಲ, ಮನೂರ ಕಡಿ ಹೋಗೂ ಆಟೋ. ಇಲ್ಲಿ ಬಿದ್ರ ನನ್ನ ಸಪ್ಪಳ ಯಾರಿಗಿ ಕೇಳಸ್ತದ ಅಂತ ಮೊದಲ ಸಲ ವಿಚಾರ ಬಂತು. ಯಾರಿಗೂ ಕೇಳಸಂಗಿಲ್ಲ. ಒಂದ ದಿನ ಹಿಂದಿನ ಗಾಲಿ ಮ್ಯಾಲ ಆ ಗ್ವಾಡಿ ಪೂರಾ ಕುಣಕೋತ ದಾಟಿದೆ, ಎರಡ ವರ್ಷದಿಂದ ಆಗದಿದ್ದದ್ದು. ಇಳದು ಕೂತೆ. ಎದಿ ಡವಡವ ಅನ್ನಲಿಲ್ಲ. ನಗಿನೂ ಬರಲಿಲ್ಲ. ಒರಸಿ, ಹೊತ್ಕೊಂಡು ಮನಿಗಿ ಬಂದೆ. ಫೋನ್ ಕೈಯಾಗ ಹಿಡದು ವಾಣಿ ಹೆಸರು ನೋಡ್ತಿದ್ದೆ, ಹಚ್ಚತಿದ್ದಿಲ್ಲ. ಏನಂತ ಹಚ್ಚಲಿ? ಸೈಕಲ್ ಬಿಟ್ಟು ಬ್ಯಾರೆ ಮಾತು ನಾವು ಆಡೇ ಇಲ್ಲ.

ಎರಡನೇ ಐತವಾರ ಬಂತು. ಸೈಕಲ್ ಗ್ವಾಡಿಗಿ ಹಚ್ಚಿ, ಬಾಗಿಲಾ ಹಾಕಿ, ಬರೇ ಕೈಲೆ ಬಸ್ ಏರಿದೆ. ದಾರಿ ಪೂರಾ ನನ್ನ ಯಾರೂ ಏನೂ ಕೇಳಲಿಲ್ಲ. ಕೈ ಎಲ್ಲಿ ಇಡಬೇಕೋ ತಿಳೀವಲ್ದು. ಅಕಿಗಿ ಬರ್ತೀನಂತ ಹೇಳಿದ್ದಿಲ್ಲ, ಅಕಿ ಬರ್ತೀನಂತ ಅಂದಿದ್ದಿಲ್ಲ. ಬೆಂಚಿನ ಮ್ಯಾಲ ಕೂತೆ. ಒಂದ ತಾಂಡೂರ ಬಸ್ ಬಂತು, ಮಂದಿ ಇಳದ್ರು, ಅಕಿ ಇಲ್ಲ. ಎದ್ದು ಹೋಗಬೇಕು ಅನಸ್ತು. ಹೋಗಿ ಏನ ಮಾಡ್ಲಿ ಅಂತ ಕೂತೆ. ಬಿಸಲ ನೆತ್ತಿಗಿ ಬಂತು. ಇನ್ನೊಂದ ಬಸ್ ಬಂತು. ಎಲ್ಲರೂ ಇಳದ ಮ್ಯಾಲ ಕಡೀಕ ವಾಣಿ ಇಳದ್ಳು.

ಬಂದು ನಿಂತು ನನ್ನ ಎಡಕ್ಕ ನೋಡಿದ್ಳು, ಬಲಕ್ಕ ನೋಡಿದ್ಳು, ಬೆಂಚಿನ ಹಿಂದ ನೋಡಿದ್ಳು.

"ಸೈಕಲ್?"

"ಖೋಲ್ಯಾಗದ."

"ಮತ್ತ ನೀ ಯಾಕ ಬಂದಿ?"

"ನೀ ಯಾಕ ಬಂದಿ?" ಅಂದೆ.

ಬಾಜೂಕ ಕೂತಳು, ನಡಬರಕ ಸೈಕಲ್ ಹಿಡಿಯೂ ಅಷ್ಟು ಜಾಗಾ ಬಿಟ್ಟು. ಪಕ್ಕಡಿ ಹೆಂಗದ ಅಂತ ಕೇಳಿದೆ. ಥಂಡಿಗಿ ಜರಾ ನೋಯ್ತದ ಅಂದ್ಳು. ಬಸ್ ಬರಾಕ ಹತ್ತಿದ್ವು, ಹೋಗಾಕ ಹತ್ತಿದ್ವು. ಏನರೆ ಮಾಡಬೇಕಲ್ಲ ಅಂತ ಎದ್ದು, "ಕೂಡು, ಚಾ ತರ್ತೀನಿ," ಅಂದೆ.

"ಚಾ ಬ್ಯಾಡ," ಅಂದ್ಳು. "ನಾ ಚಾ ಕುಡ್ಯಂಗಿಲ್ಲ."

ಎರಡ ವರ್ಷ ತಿಂಗಳ ತಿಂಗಳ ಇದೇ ಬೆಂಚಿನ ಮ್ಯಾಲ ನಾ ಚಾ ತಂದು ಕೊಟ್ಟೀನಿ. ಅಕಿ ಕುಡದಾಳ.

ನಾ ಮತ್ತ ಕೂತೆ. ಈ ಸಲ ನಡಬರಕ ಜಾಗಾ ಬಿಡ್ಲಿಲ್ಲ.

"ಹಂಗಾದ್ರ ಏನ ಕುಡೀತಿ, ಹೇಳು," ಅಂದೆ.